ಹಿತ್ತಲಿಗೆ ಬಂದ ಕಿರೀಟಧಾರಿ

ಸಂಕ್ರಾಂತಿ ಕಳೆದು ಒಂದು ವಾರವಾಗಿದೆ. ಲಿಂಗಸುಗೂರಿನ ಒಂದು ಮನೆ. ಬೆಳಗಿನ ಬಿಸಿಲು ಆಗಷ್ಟೇ ಹಿತ್ತಲಿಗೆ ಇಳಿದಿದೆ. ಒಂದು ನುಗ್ಗೆ ಮರ, ಒಂದು ಕರಿಬೇವು, ಒಂದು ನಿಂಬೆ ಗಿಡ, ಬಚ್ಚಲ ನೀರು ಹರಿದು ಹೋಗುವಲ್ಲಿ ನಾಲ್ಕು ಬಾಳೆ. ಉಳಿದದ್ದೆಲ್ಲ ಬರೀ ಮಣ್ಣು. ಎಂಟನೆಯ ತರಗತಿಯಲ್ಲಿ ಓದುವ ಹುಡುಗಿ ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತವಳು ಇದ್ದಕ್ಕಿದ್ದಂತೆ ಕೂಗುತ್ತಾಳೆ.

“ಯವ್ವಾ, ಲಗೂನ ಬಾ! ಹಿತ್ತಲದಾಗ ಯಾವುದೋ ಪಕ್ಷಿ ಬಂದೈತಿ. ತೆಲಿ ಮ್ಯಾಲೆ ಬೀಸಣಿಗಿ ಐತಿ!”

ತಾಯಿ ಒಲೆಯ ಮುಂದಿನಿಂದ ಏಳುವಷ್ಟರಲ್ಲಿ ತಮ್ಮ ಓಡಿ ಬಂದ. ಅವನ ತೀರ್ಪು ಸಿದ್ಧವಾಗಿಯೇ ಇತ್ತು. “ಮರಕುಟಿಗ ಅದು. ಕೊಕ್ಕು ಎಷ್ಟುದ್ದ ಐತಿ ನೋಡು.” ತಂದೆ ಬಾಗಿಲಿಂದ ಇಣುಕಿ, “ಯಾರದೋ ಪಂಜರದಾಗಿಂದ ತಪ್ಪಿಸಿಕೊಂಡು ಬಂದಿರಬೇಕು. ನಮ್ಮ ಕಡಿ ಪಕ್ಷಿ ಅಲ್ಲ ಅದು” ಎಂದರು. ತಮ್ಮ ಮೊಬೈಲ್ ಹಿಡಿದು ಹತ್ತಿರ ಹೋದ. ಹಕ್ಕಿ ಎದ್ದಿತು. ಕಪ್ಪು ಬಿಳಿ ಪಟ್ಟೆಗಳ ಅಗಲವಾದ ರೆಕ್ಕೆ ಬಿಚ್ಚಿ, ಚಿಟ್ಟೆಯ ಹಾಗೆ ಏರುತ್ತ ಇಳಿಯುತ್ತ ಕಾಂಪೌಂಡು ದಾಟಿ ಹೋಯಿತು. ಮೊಬೈಲಿನಲ್ಲಿ ಸಿಕ್ಕಿದ್ದು ಒಂದು ಕಂದು ಮಸುಕು ಮಾತ್ರ.

ಇದು ಯಾವ ಊರಿನ ಯಾವ ಓಣಿಯಲ್ಲಾದರೂ ನಡೆಯಬಹುದಾದ ಪ್ರಸಂಗ. ಹೆಚ್ಚಿನ ಮನೆಗಳಲ್ಲಿ ಅದು ಇಲ್ಲಿಗೇ ಮುಗಿಯುತ್ತದೆ. ಹಕ್ಕಿ ಹಾರಿತು, ಮಕ್ಕಳು ಶಾಲೆಗೆ ಹೋದರು, ಸಂಜೆಯ ಹೊತ್ತಿಗೆ ಎಲ್ಲರೂ ಮರೆತರು. ಈ ಮನೆಯಲ್ಲಿ ಮುಗಿಯಲಿಲ್ಲ. ಏಕೆಂದರೆ ಹಿತ್ತಲ ಕಟ್ಟೆಯ ಮೇಲೆ ಅಜ್ಜ ಬಿಸಿಲು ಕಾಯಿಸುತ್ತ ಕುಳಿತಿದ್ದರು.

ಅಜ್ಜನ ಪ್ರಶ್ನೆಗಳು

“ಅಜ್ಜಾ, ಅದರ ಹೆಸರೇನು?” ಎಂದು ಕೇಳಿದಳು ಹುಡುಗಿ.

“ಹೆಸರು ಆಮ್ಯಾಲೆ. ಮೊದಲು ನೀ ನೋಡಿದ್ದು ಏನು, ಅದನ್ನ ಹೇಳವ್ವಾ. ಎಷ್ಟು ದೊಡ್ಡದಿತ್ತು?”

“ದೊಡ್ಡದಿತ್ತು.”

“ದೊಡ್ಡದಂದ್ರ? ಗುಬ್ಬಿನೂ ದೊಡ್ಡದೇ, ಇರುವಿ ಮುಂದ. ಕಾಗಿಗಿಂತ ದೊಡ್ಡದೊ, ಸಣ್ಣದೊ?”

ಹುಡುಗಿ ಯೋಚಿಸಿದಳು. “ಕಾಗಿಗಿಂತ ಸಣ್ಣದು. ಗೊರವಂಕದಷ್ಟು ಇತ್ತು.”

“ಎಲ್ಲಿ ಕುಂತಿತ್ತು?”

“ಕುಂತಿರಲಿಲ್ಲಜ್ಜಾ. ನೆಲದ ಮ್ಯಾಲೆ ಅಡ್ಡಾಡತಿತ್ತು. ಬಾಳಿ ಬುಡದಾಗ ಹಸಿ ಮಣ್ಣಿನೊಳಗ ಕೊಕ್ಕು ಚುಚ್ಚಿ ಚುಚ್ಚಿ ತಗೀತಿತ್ತು.”

“ಕೊಕ್ಕು ನೆಟ್ಟಗಿತ್ತೊ, ಬಾಗಿತ್ತೊ?”

“ತೆಳ್ಳಗ, ಉದ್ದಕ, ಕೆಳಗ ಬಾಗಿತ್ತು.”

“ಮರ ಹತ್ತಿತೇನು?”

“ಇಲ್ಲ.”

ಅಜ್ಜ ಮೊಮ್ಮಗನ ಕಡೆ ತಿರುಗಿದರು. “ಹಂಗಾರ ತಮ್ಮಾ, ಮರಾನ ಹತ್ತದ್ದು ಮರಕುಟಿಗ ಹೆಂಗಾತು?”

ಹುಡುಗನ ಬಳಿ ಉತ್ತರವಿರಲಿಲ್ಲ. ಹುಡುಗಿ ಮಾತ್ರ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು, ಮರೆಯುವ ಮೊದಲೇ ಬರೆದುಕೊಂಡಳು. ಗಾತ್ರ: ಗೊರವಂಕದಷ್ಟು. ಮೈ: ಇಟ್ಟಂಗಿಯ ಪುಡಿಗೆ ಹಾಲು ಬೆರೆಸಿದಂಥ ಬಣ್ಣ. ರೆಕ್ಕೆ: ಕಪ್ಪು ಬಿಳಿ ಪಟ್ಟೆ. ಕೊಕ್ಕು: ಉದ್ದ, ಬಾಗಿದ್ದು. ತಲೆ: ಬೀಸಣಿಗೆಯಂಥ ಜುಟ್ಟು, ಅದರ ತುದಿ ಕಪ್ಪು, ಇಳಿದಾಗ ಬಿಚ್ಚಿತು, ಆಮೇಲೆ ಮಡಚಿಕೊಂಡಿತು. ಜಾಗ: ಹಸಿ ಮಣ್ಣು. ಹೊತ್ತು: ಬೆಳಿಗ್ಗೆ ಏಳೂವರೆ. ತಿಂಗಳು: ಜನವರಿ. ಪಕ್ಕದಲ್ಲಿ ಒಂದು ವಕ್ರ ಚಿತ್ರವನ್ನೂ ಬಿಡಿಸಿದಳು.

“ಈಗ ಹೇಳಜ್ಜಾ, ಹೆಸರೇನು?”

ಅಜ್ಜ ನಕ್ಕುಬಿಟ್ಟರು. “ಈ ಪಕ್ಷಿನ ನಾ ಬಲ್ಲೆನವ್ವಾ. ಕುಂಟಿ ಹೊಡೆದ ಹೊಲದಾಗ, ತಿಪ್ಪಿ ಮ್ಯಾಲೆ ಎಷ್ಟು ಸಲ ನೋಡೀನಿ. ಹುಳ ಹೆಕ್ಕಿ ತಿಂತದ. ಹೆಸರು ಮಾತ್ರ ನನಗ ಯಾರೂ ಹೇಳಿಲ್ಲ.”

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ನಾನಿಯ ದನಿ ಕೇಳಿತು. “ಅರೆ ಬೇಟಿ, ಈಗ ನಮ್ಮ ಅಂಗಳದಾಗೂ ಬಂದಿತ್ತು. ಅದು ಹುದ್‌ಹುದ್. ಸುಲೇಮಾನ್ ಪೈಗಂಬರರಿಗೆ ಸುದ್ದಿ ತಂದ ಪಕ್ಷಿ ಅದು.”

ಶಾಲೆಯ ಗ್ರಂಥಾಲಯದ ಪಕ್ಷಿ ಪುಸ್ತಕದಲ್ಲಿ ಹುಡುಗಿ ಹುಡುಕಿದಳು. ಹೆಚ್ಚು ಹುಡುಕಬೇಕಾಗಲಿಲ್ಲ. ಅವಳು ಬರೆದುಕೊಂಡ ಎಲ್ಲ ಗುರುತುಗಳೂ ಹೊಂದುವ ಚಿತ್ರ ಒಂದೇ ಒಂದಿತ್ತು. ಕೆಳಗೆ ಕನ್ನಡದ ಹೆಸರೂ ಇತ್ತು: ಚಂದ್ರಮುಕುಟ.

ಮರಕುಟಿಗ ಏಕಲ್ಲ?

ಚಂದ್ರಮುಕುಟವನ್ನು ಮರಕುಟಿಗವೆಂದು ತಿಳಿಯುವವರು ಆ ಹುಡುಗನೊಬ್ಬನೇ ಅಲ್ಲ. ಓದು ಬರಹ ಬಲ್ಲ ದೊಡ್ಡವರೂ ಹಾಗೆಯೇ ಹೇಳುತ್ತಾರೆ. ಎರಡಕ್ಕೂ ಉದ್ದ ಕೊಕ್ಕು, ಎರಡಕ್ಕೂ ಜುಟ್ಟು ಎಂಬುದೇ ಈ ಗೊಂದಲಕ್ಕೆ ಕಾರಣ. ಒಂದೆರಡು ಹೋಲಿಕೆ ಕಂಡ ಕೂಡಲೇ ಮನಸ್ಸು ತನಗೆ ಗೊತ್ತಿರುವ ಹೆಸರನ್ನು ಅಂಟಿಸಿಬಿಡುತ್ತದೆ. ಆಮೇಲೆ ಕಣ್ಣು ನೋಡುವುದನ್ನೇ ನಿಲ್ಲಿಸುತ್ತದೆ.

ಹಕ್ಕಿಯ ಕೊಕ್ಕು ಅದರ ಕಸುಬಿನ ಸಲಕರಣೆ. ಬಡಗಿಯ ಪೆಟ್ಟಿಗೆಯಲ್ಲಿ ಉಳಿ ಇರುತ್ತದೆ, ಅಕ್ಕಸಾಲಿಗನ ಪೆಟ್ಟಿಗೆಯಲ್ಲಿ ಚಿಮಟ ಇರುತ್ತದೆ. ಸಲಕರಣೆ ನೋಡಿದರೆ ಕಸುಬು ತಿಳಿಯುತ್ತದೆ. ಮರಕುಟಿಗದ ಕೊಕ್ಕು ಉಳಿ: ನೆಟ್ಟಗೆ, ಗಟ್ಟಿಯಾಗಿ, ಕಟ್ಟಿಗೆ ಕೆತ್ತಲು ತಕ್ಕಂತೆ ಇರುತ್ತದೆ. ಅದರ ಕಾಲಿನಲ್ಲಿ ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಕಾಂಡವನ್ನು ಕಚ್ಚಿ ಹಿಡಿಯಲು ಅದು ಅನುಕೂಲ. ಬಾಲದ ಗರಿಗಳು ಬಿರುಸಾಗಿದ್ದು, ಕಾಂಡಕ್ಕೆ ಊರುಗೋಲಿನಂತೆ ಒತ್ತಿ ನಿಲ್ಲುತ್ತವೆ. ಮೂರೂ ಸೇರಿ ಒಂದೇ ಕೆಲಸಕ್ಕೆ ಒದಗುತ್ತವೆ.

ಚಂದ್ರಮುಕುಟದ ಕೊಕ್ಕು ಚಿಮಟ: ತೆಳ್ಳಗೆ, ಸ್ವಲ್ಪ ಬಾಗಿ, ಮಣ್ಣಿನಲ್ಲಿ ಹುಗಿದ ಹುಳುವನ್ನು ಹಿಡಿದೆಳೆಯಲು ತಕ್ಕಂತೆ ಇರುತ್ತದೆ. ಅದರ ತಲೆಯ ಸ್ನಾಯುಗಳು ಎಷ್ಟು ಬಲವಾಗಿವೆ ಎಂದರೆ, ಮಣ್ಣಿನೊಳಗೆ ಚುಚ್ಚಿದ ಮೇಲೂ ಅದು ಕೊಕ್ಕನ್ನು ತೆರೆಯಬಲ್ಲದು. ಅದು ಚುರುಕಾಗಿ ನೆಲದ ಮೇಲೆ ನಡೆಯುತ್ತದೆ. ಅಂದರೆ “ಮರ ಹತ್ತಿತೇನು?” ಎಂಬ ಅಜ್ಜನ ಪ್ರಶ್ನೆ ಬರೀ ತಮಾಷೆಯಲ್ಲ. ಒಂದು ಊಹೆಯನ್ನು ಪರೀಕ್ಷೆಗೆ ಒಡ್ಡಿ, ಅದು ಸೋತರೆ ಬಿಟ್ಟುಕೊಡುವುದು. ಪ್ರಯೋಗಶಾಲೆಯಲ್ಲಿ ನಡೆಯುವ ವಿಜ್ಞಾನವೂ ಇದೇ.

ಚಂದ್ರಮುಕುಟಕ್ಕೆ ಮರಕುಟಿಗ ಹತ್ತಿರದ ನೆಂಟನೂ ಅಲ್ಲ. ಹಿಂದೆ ಅದನ್ನು ಮಿಂಚುಳ್ಳಿ, ನೀಲಕಂಠಗಳ ಗುಂಪಿಗೆ ಸೇರಿಸುತ್ತಿದ್ದರು. ಈಗ ಮಂಗಟ್ಟೆ ಹಕ್ಕಿಗಳ ಗುಂಪಿಗೆ ಸೇರಿಸಿದ್ದಾರೆ. ದಾಂಡೇಲಿಯ ಕಾಡಿನಲ್ಲಿ ದೊಡ್ಡ ಕೊಕ್ಕು ಹೊತ್ತು ಹಾರುವ ಮಂಗಟ್ಟೆಯೂ, ಲಿಂಗಸುಗೂರಿನ ಹಿತ್ತಲಿನಲ್ಲಿ ಹುಳು ಹೆಕ್ಕುವ ಚಂದ್ರಮುಕುಟವೂ ನೆಂಟರು ಎಂದರೆ ನಂಬುವುದು ಕಷ್ಟ. ಆದರೆ ಗೂಡಿನ ಬದುಕನ್ನು ನೋಡಿದರೆ ಹೋಲಿಕೆ ಹೊಳೆಯುತ್ತದೆ. ಎರಡೂ ಪೊಟರೆಯಲ್ಲಿ ಗೂಡು ಮಾಡುತ್ತವೆ. ಎರಡರಲ್ಲೂ ಹೆಣ್ಣು ಒಳಗೆ ಕುಳಿತು ಕಾವು ಕೊಡುತ್ತದೆ, ಗಂಡು ಹೊರಗಿನಿಂದ ಆಹಾರ ತಂದು ಉಣಿಸುತ್ತದೆ. ಮಂಗಟ್ಟೆಯ ಗೂಡಿನ ಬಾಯಿಯನ್ನು ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸುತ್ತಾರೆ ಆ ದಂಪತಿಗಳು. ಚಂದ್ರಮುಕುಟ ಹಾಗೆ ಮುಚ್ಚುವುದಿಲ್ಲ.

ಕಿರೀಟದ ಹಕ್ಕಿಯ ನಾರುವ ಮನೆ

ಬಾಗಿಲು ಮುಚ್ಚದ ಗೂಡಿಗೆ ರಕ್ಷಣೆ ಹೇಗೆ? ನೋಡಲು ರಾಜನಂತಿರುವ ಈ ಹಕ್ಕಿಯ ಉಪಾಯ ಮಾತ್ರ ಮೂಗು ಮುಚ್ಚಿಕೊಳ್ಳುವಂಥದು. ಹಕ್ಕಿಗಳ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇರುತ್ತದೆ. ಸಾಮಾನ್ಯವಾಗಿ ಆ ಎಣ್ಣೆಯನ್ನು ಹಕ್ಕಿ ಗರಿಗಳಿಗೆ ಸವರಿಕೊಳ್ಳುತ್ತದೆ. ಗೂಡಿನಲ್ಲಿರುವ ಹೆಣ್ಣು ಚಂದ್ರಮುಕುಟದ ಮತ್ತು ಅದರ ಮರಿಗಳ ಈ ಗ್ರಂಥಿಯಲ್ಲಿ ಕೊಳೆತ ಮಾಂಸದಂತೆ ನಾರುವ ಕಂದು ದ್ರವ ತಯಾರಾಗುತ್ತದೆ. ಹತ್ತಿರ ಬಂದ ಶತ್ರುವಿನ ಮೇಲೆ ಮರಿಗಳು ಮಲವನ್ನು ಚಿಮ್ಮಿಸುವುದೂ ಉಂಟು.

ಸ್ಪೇನ್ ದೇಶದ ಗ್ರಾನಡಾ ವಿಶ್ವವಿದ್ಯಾಲಯದ ಸಂಶೋಧಕರು ಈ ದ್ರವವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಅದರಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ರೋಗಾಣುಗಳನ್ನು ತಡೆಯುವ ಪದಾರ್ಥಗಳನ್ನು ತಯಾರಿಸುತ್ತವೆ. ತಾಯಿ ಹಕ್ಕಿ ದ್ರವವನ್ನು ಮೊಟ್ಟೆಗಳಿಗೆ ಬಳಿಯುತ್ತದೆ. ಮೊಟ್ಟೆಯ ಚಿಪ್ಪಿನ ಮೇಲೆ ಸೂಕ್ಷ್ಮವಾದ ಗುಳಿಗಳಿದ್ದು, ದ್ರವ ಅವುಗಳಲ್ಲಿ ಹಿಡಿದು ನಿಲ್ಲುತ್ತದೆ. ನಾರುವ ಮನೆ ಎಂದು ಹೀಗಳೆದದ್ದು ನಿಜವಾಗಿ ಔಷಧಿ ಬಳಿದ ಮನೆ.

ಚಂದ್ರಮುಕುಟ ಅಪರೂಪದ ಹಕ್ಕಿಯೇ? ಅಲ್ಲ. ಭಾರತದ ಬಹುಭಾಗದಲ್ಲಿ, ಏಷ್ಯಾ ಮತ್ತು ಯೂರೋಪಿನ ಹಲವು ದೇಶಗಳಲ್ಲಿ ಅದು ಇದೆ. ಕೆಲವು ಇಲ್ಲಿಯೇ ವರ್ಷವಿಡೀ ಇರುತ್ತವೆ, ಇನ್ನು ಕೆಲವು ಚಳಿಗಾಲದಲ್ಲಿ ಉತ್ತರದಿಂದ ಬರುತ್ತವೆ. ಇಸ್ರೇಲ್ 2008ರಲ್ಲಿ ಅದನ್ನು ರಾಷ್ಟ್ರಪಕ್ಷಿಯಾಗಿ ಆರಿಸಿತು. 2014ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ‘ಹುದ್‌ಹುದ್’ ಚಂಡಮಾರುತಕ್ಕೆ ಓಮಾನ್ ದೇಶ ಸೂಚಿಸಿದ್ದೂ ಇದೇ ಹಕ್ಕಿಯ ಹೆಸರನ್ನು. ಪಂಜರದಿಂದ ತಪ್ಪಿಸಿಕೊಂಡ ಪರದೇಶಿ ಎಂದ ತಂದೆಯ ಊಹೆಯೂ ಹೀಗೆ ಬಿದ್ದುಹೋಯಿತು. ಹಿತ್ತಲಿನಲ್ಲಿ ವಿಚಿತ್ರವಾದ ಹಕ್ಕಿ ಕಂಡರೆ, ಅದು ಬಹುಮಟ್ಟಿಗೆ ಅಲ್ಲಿಯದೇ ಆದ, ಆದರೆ ಇದುವರೆಗೆ ಯಾರೂ ನಿಂತು ನೋಡದ ಹಕ್ಕಿಯಾಗಿರುತ್ತದೆ. ಮೊದಲು ಸಾಮಾನ್ಯವಾದದ್ದನ್ನು ವಿಚಾರಿಸಬೇಕು, ಅದು ಹೊಂದದಿದ್ದರೆ ಮಾತ್ರ ಅಪರೂಪದ್ದಕ್ಕೆ ಹೋಗಬೇಕು.

ಬಣ್ಣವನ್ನೇ ನಂಬಬಾರದು

ಹಕ್ಕಿಯನ್ನು ವರ್ಣಿಸಿ ಎಂದರೆ ಮಕ್ಕಳು ಮೊದಲು ಹೇಳುವುದು ಬಣ್ಣ. ಅಜ್ಜ ಮಾತ್ರ ಬಣ್ಣ ಕೇಳಲೇ ಇಲ್ಲ. ಅದಕ್ಕೆ ಕಾರಣವಿದೆ. ಬಣ್ಣ ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೇ ಬೇಗ ಮೋಸವನ್ನೂ ಮಾಡುತ್ತದೆ.

ಕೋಗಿಲೆ ಕಪ್ಪು ಎಂದು ಎಲ್ಲರಿಗೂ ಗೊತ್ತು. ಕಪ್ಪಾಗಿರುವುದು ಗಂಡು ಮಾತ್ರ. ಹೆಣ್ಣು ಕೋಗಿಲೆ ಕಂದು ಮೈಯ ಮೇಲೆ ಬಿಳಿ ಚುಕ್ಕೆ, ಗೆರೆಗಳನ್ನು ಹೊತ್ತಿರುತ್ತದೆ. ಬೇವಿನ ಹಣ್ಣು ತಿನ್ನಲು ಬಂದ ಹೆಣ್ಣು ಕೋಗಿಲೆಯನ್ನು ನೋಡಿ ಇದಾವುದೋ ಹೊಸ ಹಕ್ಕಿ ಎಂದು ಬೆರಗಾದವರು ಬಹಳ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ತಂತಿಯ ಮೇಲೆ ಕುಳಿತಾಗ ಮಾಸಲು ಕಂದಾಗಿ ಕಾಣುತ್ತದೆ, ಹಾರಿದಾಗ ರೆಕ್ಕೆಯಿಂದ ಹೊಳೆಯುವ ನೀಲಿ ಹೊಮ್ಮುತ್ತದೆ. ಎರಡು ಗಳಿಗೆಯಲ್ಲಿ ಎರಡು ಹಕ್ಕಿ ಕಂಡಂತೆ ಆಗುತ್ತದೆ.

ಕೆಲವೊಮ್ಮೆ ಕಾಗೆ, ಗುಬ್ಬಿ, ಗೊರವಂಕಗಳಲ್ಲಿ ಬಿಳಿ ಗರಿಗಳ ಒಂದು ಹಕ್ಕಿ ಕಾಣುತ್ತದೆ. ಜನ ಗುಂಪುಗೂಡಿ ನೋಡುತ್ತಾರೆ. ಅದು ಹೊಸ ಜಾತಿಯಲ್ಲ. ಗರಿಗೆ ಕಪ್ಪು, ಕಂದು ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯ ಕೆಲವು ಗರಿಗಳಿಗೆ ಅಥವಾ ಎಲ್ಲ ಗರಿಗಳಿಗೆ ತಲುಪಿರುವುದಿಲ್ಲ. ಅಂಥ ಹಕ್ಕಿಯ ಕಣ್ಣು ಎಂದಿನ ಬಣ್ಣದಲ್ಲೇ ಇದ್ದರೆ ಅದು ಬಣ್ಣಗುಂದಿದ ಹಕ್ಕಿ. ಕಣ್ಣೂ ಗುಲಾಬಿ ಕೆಂಪಾಗಿದ್ದರೆ ಮೆಲನಿನ್ ಪೂರ್ತಿ ಇಲ್ಲದ ಹಕ್ಕಿ. ಎರಡರಲ್ಲೂ ಗಾತ್ರ, ಕೊಕ್ಕು, ನಡಿಗೆ, ಕೂಗು ಬದಲಾಗುವುದಿಲ್ಲ. ಬಣ್ಣವೊಂದನ್ನೇ ನೋಡುವವರು ದಾರಿ ತಪ್ಪುತ್ತಾರೆ, ಆಕಾರ ಮತ್ತು ನಡತೆ ನೋಡುವವರು ತಪ್ಪುವುದಿಲ್ಲ.

ಈಗ ಮೊಬೈಲಿನಲ್ಲೂ ಹಕ್ಕಿ ಗುರುತಿಸಬಹುದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ರೂಪಿಸಿದ ಮರ್ಲಿನ್ ಎಂಬ ಆ್ಯಪ್ ಇದೆ. ಒಳ್ಳೆಯ ಚಿತ್ರವಿದ್ದರೆ ಅದು ಚಿತ್ರ ನೋಡಿ ಹೆಸರು ಸೂಚಿಸುತ್ತದೆ. ಚಿತ್ರವಿಲ್ಲದಿದ್ದರೆ ಪ್ರಶ್ನೆ ಕೇಳುತ್ತದೆ: ಎಲ್ಲಿ ನೋಡಿದಿರಿ, ಯಾವಾಗ ನೋಡಿದಿರಿ, ಎಷ್ಟು ದೊಡ್ಡದಿತ್ತು, ಮುಖ್ಯ ಬಣ್ಣಗಳು ಯಾವುವು, ಏನು ಮಾಡುತ್ತಿತ್ತು? ಗಾತ್ರವನ್ನು ಕೇಳುವಾಗ ಗುಬ್ಬಿಯಷ್ಟೋ ಕಾಗೆಯಷ್ಟೋ ಎಂದೇ ಕೇಳುತ್ತದೆ. ಕಟ್ಟೆಯ ಮೇಲೆ ಕುಳಿತ ಅಜ್ಜನ ಪ್ರಶ್ನೆಗಳಿಗೂ ಯಂತ್ರದ ಪ್ರಶ್ನೆಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಉತ್ತರ ಹೇಳಲು ಮಾತ್ರ ನೋಡಿದ ಕಣ್ಣೇ ಬೇಕು.

ಹೆಸರು ಉಳಿಯಿತು, ಹಕ್ಕಿ ಕಳೆಯಿತು

ಗುರುತಿಸುವುದು ಎಂದರೇನು ಎಂಬುದಕ್ಕೆ ದೊಡ್ಡ ಉದಾಹರಣೆಯೊಂದು ಲಿಂಗಸುಗೂರಿನ ಮಗ್ಗುಲಲ್ಲೇ ಇದೆ. ಸಿಂಧನೂರಿಗೆ ಹೋಗುವ ರಸ್ತೆಯಲ್ಲಿ ಮಸ್ಕಿ ಸಿಗುತ್ತದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದಾಗ, ದೇಶದ ಉದ್ದಗಲದ ಬಂಡೆ, ಕಂಬಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಕಾಣಿಸಿತು. ಯಾರು ಈ ರಾಜ? ಸಿಂಹಳದ ಗ್ರಂಥಗಳ ನೆರವಿನಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ಹೇಳಿದರು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಸಿ. ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನವೊಂದನ್ನು ಕಂಡರು. ಅದರಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೇ ‘ಅಶೋಕ’ ಎಂಬ ಹೆಸರೂ ಇತ್ತು. ಊಹೆಗೆ ಕಲ್ಲಿನ ಮೇಲಿನ ಸಾಕ್ಷಿ ಸಿಕ್ಕಿತು. ಬಿರುದು ಮತ್ತು ಹೆಸರು ಒಂದೇ ಕಡೆ ಸಿಕ್ಕಾಗ ಮನುಷ್ಯ ಗುರುತಿಗೆ ಬಂದ.

ಅದೇ ಅಶೋಕ ಹಕ್ಕಿಗಳ ವಿಷಯದಲ್ಲೂ ಒಂದು ಆಜ್ಞೆ ಹೊರಡಿಸಿದ್ದ. ಅದು ಮಸ್ಕಿಯಲ್ಲಿಲ್ಲ, ಉತ್ತರ ಭಾರತದ ಕಂಬಗಳ ಮೇಲಿದೆ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಸಿದ ಆ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಪ್ರಾಣಿಪಕ್ಷಿಗಳ ಪಟ್ಟಿಯಿದೆ. ಗಿಳಿ, ಗೊರವಂಕ, ಚಕ್ರವಾಕ, ಹಂಸ ಎಂಬ ಹೆಸರುಗಳು ಯಾರಿಗಾದರೂ ತಿಳಿಯುತ್ತವೆ. ಅವುಗಳ ಜೊತೆಗೆ ‘ನಂದೀಮುಖ’, ‘ಗೆಲಾಟ’ ಎಂಬ ಹೆಸರುಗಳೂ ಇವೆ. ಇವು ಯಾವ ಜೀವಿಗಳು ಎಂಬುದರ ಬಗ್ಗೆ ವಿದ್ವಾಂಸರು ಇಂದಿಗೂ ಒಂದೇ ಅಭಿಪ್ರಾಯಕ್ಕೆ ಬಂದಿಲ್ಲ. ಚಕ್ರವರ್ತಿಯೇ ಕಲ್ಲಿನಲ್ಲಿ ಕೊರೆಸಿದ ಹೆಸರು ಎರಡು ಸಾವಿರ ವರ್ಷಕ್ಕೂ ಮೀರಿ ಉಳಿಯಿತು, ಹಕ್ಕಿ ಮಾತ್ರ ಕೈಜಾರಿತು. ಗಾತ್ರ ಎಷ್ಟು, ಕೊಕ್ಕು ಹೇಗೆ, ಎಲ್ಲಿ ಇರುತ್ತಿತ್ತು ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಅಜ್ಜನ ಕಥೆ ಇದರ ತಿರುಗುಮುರುಗು. ಅಲ್ಲಿ ಹಕ್ಕಿ ಗೊತ್ತು, ಹೆಸರು ಗೊತ್ತಿಲ್ಲ. ಇಲ್ಲಿ ಹೆಸರು ಗೊತ್ತು, ಹಕ್ಕಿ ಗೊತ್ತಿಲ್ಲ. ಎರಡರಲ್ಲಿ ಯಾವುದು ಮೇಲು? ಹೊಲದಲ್ಲಿ ನಿಂತು ನೋಡಿದ ಅಜ್ಜನ ತಿಳಿವಳಿಕೆಯೇ ಮೇಲು. ಆದರೆ ಅದು ಬರಹಕ್ಕೆ ಇಳಿಯದಿದ್ದರೆ ಅಜ್ಜನ ಜೊತೆಗೇ ಹೋಗಿಬಿಡುತ್ತದೆ. ಮೊಮ್ಮಗಳ ನೋಟ್‌ಬುಕ್ಕಿನ ಕೊನೆಯ ಹಾಳೆಗೆ ಬೆಲೆ ಬರುವುದು ಅದಕ್ಕೇ.

ಹಳದಿ ಕೊರಳಿನ ಗುಬ್ಬಿ

ಇಂಥ ಒಂದು ಚಿಕ್ಕ ಪ್ರಶ್ನೆಯಿಂದಲೇ ಭಾರತದ ಅತಿ ದೊಡ್ಡ ಪಕ್ಷಿತಜ್ಞರು ರೂಪುಗೊಂಡರು. 1908ರ ಸುಮಾರಿಗೆ ಮುಂಬಯಿಯ ಬಾಲಕ ಸಲೀಂ ಅಲಿ ಆಟಿಕೆಯ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಎತ್ತಿ ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ. ಇದು ಎಂದಿನ ಗುಬ್ಬಿಯಲ್ಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಅವರ ಬಳಿ ಕಳಿಸಿದರು. ಮಿಲ್ಲಾರ್ಡ್ ಹುಡುಗನನ್ನು ಗದರಿಸಿ ಓಡಿಸಲಿಲ್ಲ. ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಸಂಗ್ರಹದ ಹಕ್ಕಿಗಳನ್ನು ತೋರಿಸಿ, ಓದಲು ಪುಸ್ತಕ ಕೊಟ್ಟರು. ದೊಡ್ಡವರೊಬ್ಬರು ಹುಡುಗನ ಪ್ರಶ್ನೆಗೆ ಸಮಯ ಕೊಟ್ಟದ್ದರ ಫಲ ಏನೆಂಬುದು ಈಗ ಇತಿಹಾಸ.

ಅದೇ ಸಲೀಂ ಅಲಿ 1931-32ರಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಆಗ ಲಿಂಗಸುಗೂರು ಸೇರಿದಂತೆ ಇಡೀ ರಾಯಚೂರು ಜಿಲ್ಲೆ ಆ ಸಂಸ್ಥಾನದಲ್ಲಿತ್ತು. 1941ರಲ್ಲಿ ಅವರ ‘ಭಾರತೀಯ ಪಕ್ಷಿಗಳ ಪುಸ್ತಕ’ ಇಂಗ್ಲಿಷಿನಲ್ಲಿ ಹೊರಬಂತು. ಕನ್ನಡದ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ.

ಬರೆದಿಟ್ಟ ದಾಖಲೆ ಏಕೆ ಬೇಕೆಂಬುದು ರಾಯಚೂರು ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಏಕೆಂದರೆ ಇಲ್ಲಿನ ನೆಲ ಒಂದೇ ತಲೆಮಾರಿನಲ್ಲಿ ಬದಲಾದದ್ದನ್ನು ಕಣ್ಣಾರೆ ಕಂಡವರು ಇದ್ದಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯಲ್ಲಿ ನೀರು ಬಂದ ಮೇಲೆ ಸಿಂಧನೂರಿನ ಜೋಳದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಒಣಭೂಮಿಯ ಹಕ್ಕಿಗಳಿದ್ದಲ್ಲಿ ಬೆಳ್ಳಕ್ಕಿಗಳು ಸಾಲುಗಟ್ಟಿದವು. ಎರೆ ನೆಲದ ಹೆಸರನ್ನೇ ಹೊತ್ತ ದೊಡ್ಡ ಹಕ್ಕಿ ಎರೆಭೂತ ಈಗ ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದು, ಅದರ ಕೊನೆಯ ನೆಲೆ ಸಿಂಧನೂರಿನಿಂದ ಹೊಳೆಯ ಆಚೆ, ಸಿರುಗುಪ್ಪದ ಕಡೆ ಇದೆ. ಯಾವ ಹೊಲದಲ್ಲಿ, ಯಾವ ವರ್ಷದಲ್ಲಿ ಎಷ್ಟು ಕಂಡವು ಎಂದು ಅಂದಿನ ಹುಡುಗರು ಬರೆದಿಟ್ಟಿದ್ದರೆ ಇಂದು ಆ ಹಾಳೆಗಳು ಬಂಗಾರದ ಬೆಲೆ ಬಾಳುತ್ತಿದ್ದವು.

ಈಗ ಅಂಥ ಹಾಳೆಗಳನ್ನು ಒಟ್ಟುಗೂಡಿಸುವ ವ್ಯವಸ್ಥೆಯಿದೆ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು ಸುಮಾರು 30 ಸಾವಿರ ಪಕ್ಷಿವೀಕ್ಷಕರು ಕೊಟ್ಟ 3 ಕೋಟಿಯಷ್ಟು ದಾಖಲೆಗಳು. ಇವರೆಲ್ಲ ವಿಜ್ಞಾನಿಗಳಲ್ಲ. ವಿದ್ಯಾರ್ಥಿಗಳು, ಗೃಹಿಣಿಯರು, ನೌಕರರು ಇದ್ದಾರೆ. ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಲೋಕದಾದ್ಯಂತ ಹಿತ್ತಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಸೇರಿದೆ. ಒಂದು ಕಡೆ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆದರೆ ಸಾಕು. ಲಿಂಗಸುಗೂರಿನ ಹಿತ್ತಲೂ ಅದರಲ್ಲಿ ಒಂದು ಅಂಕಿಯಾಗಬಹುದು.

ಪರಸಿಯ ಲೆಕ್ಕ

ಆ ಮನೆಯ ಕಥೆಯಲ್ಲಿ ಇನ್ನೂ ಒಂದು ತಿರುವಿದೆ. ಹಿತ್ತಲಿನ ಕೆಸರು ಮನೆಯೊಳಗೆ ಬರುತ್ತದೆಂದು ಇಡೀ ಅಂಗಳಕ್ಕೆ ಪರಸಿ ಹಾಸಲು ತಂದೆ ಗೌಂಡಿಗೆ ಹೇಳಿಯಾಗಿತ್ತು. ಸೋಮವಾರ ಅವನು ಬರುವವನಿದ್ದ. ಭಾನುವಾರ ಸಂಜೆ ಹುಡುಗಿ ಒಂದು ಮಾತು ಕೇಳಿದಳು. “ಅಪ್ಪಾ, ಪೂರಾ ಪರಸಿ ಹಾಕಿದ್ರ ಚಂದ್ರಮುಕುಟ ಕೊಕ್ಕು ಎಲ್ಲಿ ಚುಚ್ಚಬೇಕು?”

ತಂದೆಗೆ ನಗು ಬಂತು. ಪ್ರಶ್ನೆ ಮಾತ್ರ ನಗುವಂಥದಾಗಿರಲಿಲ್ಲ. ಚಂದ್ರಮುಕುಟಕ್ಕೆ ಬೇಕಾದ್ದು ದಟ್ಟ ಕಾಡಲ್ಲ. ಬಯಲಾದ ಮೆತ್ತನೆಯ ನೆಲ, ಅದರಲ್ಲಿ ಹುಳು, ಹತ್ತಿರ ಒಂದು ಹಳೆಯ ಮರದ ಪೊಟರೆ ಅಥವಾ ಗೋಡೆಯ ಸಂದು. ಬೆಳೆಯ ಬೇರು ತಿನ್ನುವ ಗೊಣ್ಣೆಹುಳು, ದುಂಬಿಯ ಮರಿಗಳು, ಮಣ್ಣಿನಲ್ಲಿ ಅಡಗಿದ ಕೋಶಗಳು ಅದರ ಊಟ. ಮರಕ್ಕೆ ತೂತು ಕೊರೆಯುತ್ತದೆಂದು ತಪ್ಪಾಗಿ ತಿಳಿದು ಅದನ್ನು ಓಡಿಸಿದರೆ, ಸಂಬಳವಿಲ್ಲದೆ ದುಡಿಯುವ ಆಳನ್ನು ಓಡಿಸಿದಂತೆ. ತಪ್ಪು ಹೆಸರಿನಿಂದ ಆಗುವ ನಷ್ಟ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ನೆಲಕ್ಕೆ ಕಲ್ಲು ಹೊದಿಸಿ ಅದರ ಊಟ ತಪ್ಪಿಸುವುದನ್ನು ತಡೆಯುವ ಕಾಯ್ದೆ ಮಾತ್ರ ಇಲ್ಲ. ಅದು ಮನೆಯವರ ತೀರ್ಮಾನಕ್ಕೆ ಬಿಟ್ಟದ್ದು.

ಸೋಮವಾರ ಗೌಂಡಿ ಬಂದ. ಬಾಗಿಲಿನಿಂದ ಬಚ್ಚಲಿನವರೆಗೆ ಓಡಾಡುವ ದಾರಿಗೆ ಪರಸಿ ಬಿತ್ತು. ಬಾಳೆಯ ಬುಡ, ನುಗ್ಗೆಯ ಕೆಳಗಿನ ನೆಲ ಹಾಗೆಯೇ ಉಳಿಯಿತು. ಕಲ್ಲಿನ ಖರ್ಚೂ ಉಳಿಯಿತು ಎಂದು ತಾಯಿ ಸಮಾಧಾನಪಟ್ಟರು.

ಮುಂದಿನ ವಾರ ಹಕ್ಕಿ ಮತ್ತೆ ಬಂತು. ಈ ಸಲ ತಮ್ಮ ಓಡಿ ಹತ್ತಿರ ಹೋಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತು, ಅಕ್ಕನ ನೋಟ್‌ಬುಕ್ಕನ್ನು ಇಸಿದುಕೊಂಡು, ಅದು ಎಷ್ಟು ಸಲ ಕೊಕ್ಕು ಚುಚ್ಚಿತು, ಎಷ್ಟು ಸಲ ಹುಳು ಸಿಕ್ಕಿತು ಎಂದು ಗೆರೆ ಎಳೆಯುತ್ತ ಕುಳಿತ. “ಅಜ್ಜಾ, ಇದಕ್ಕ ಚಂದ್ರಮುಕುಟ ಅಂತಾರ” ಎಂದು ಹುಡುಗಿ ಹೇಳಿದಾಗ, ಅಜ್ಜ ಆ ಹೆಸರನ್ನು ಎರಡು ಸಲ ಹೇಳಿಕೊಂಡರು. ಎಪ್ಪತ್ತು ವರ್ಷದಿಂದ ನೋಡುತ್ತಿದ್ದ ಹಕ್ಕಿಗೆ ಅವರ ಬಾಯಲ್ಲಿ ಅಂದು ಹೆಸರು ಬಂತು.